ರಜೆ ಲೆಕ್ಕಕ್ಕಿಲ್ಲ

ಹೊಸಮನೆ, ಶಿವಮೊಗ್ಗ
ಭಾನುವಾರ, 9 ನವೆಂಬರ್ 2025

ಪ್ರೀತಿಯ ದಿವ್ಯಕ್ಕನಿಗೆ,

ನಾನು ಕ್ಷೇಮವಾಗಿದ್ದೇನೆ, ನೀನೂ ಕ್ಷೇಮವೆಂದು ನಂಬಿದ್ದೇನೆ. ಈ ಸಾಲಿಗೆ ನೀನು ನಗುತ್ತೀಯ ಎಂದು ಗೊತ್ತು. ಎಂಟು ವರ್ಷ ಹಾಸ್ಟೆಲ್‌ನಲ್ಲಿ ಪ್ರತಿ ಭಾನುವಾರ ವಾರ್ಡನ್ ಮಿಸ್ ಎದುರು ಕೂತು ಮನೆಗೆ ಪತ್ರ ಬರೆದವಳು ನಾನು. ಪೆನ್ನು ಹಿಡಿದರೆ ಕೈ ತಾನಾಗಿ ಇದನ್ನೇ ಬರೆಯುತ್ತದೆ. ದಸರಾ ರಜೆಯಲ್ಲಿ ಬರೆಯುತ್ತೇನೆ ಎಂದಿದ್ದೆ, ದೀಪಾವಳಿಯೂ ಕಳೆಯಿತು. ತಪ್ಪಾಯಿತು. ಫೋನ್ ಮಾಡಬಹುದಿತ್ತು ನಿಜ. ಆದರೆ ಡ್ಯೂಟಿ ಮುಗಿಯುವವರೆಗೆ ನಿನ್ನ ಫೋನ್ ಲಾಕರ್‌ನಲ್ಲಿರುತ್ತದೆ, ಈಚೆಗೆ ಬಂದ ಮೇಲೆ ನೀನು ನಿಂತಲ್ಲೇ ತೂಕಡಿಸುತ್ತ "ಹೂಂ, ಹೇಳು" ಎನ್ನುತ್ತೀಯ. ಆಗ ನನಗೆ ಹೇಳಬೇಕಾದದ್ದೆಲ್ಲ ಮರೆತು, "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡುತ್ತೇನೆ. ಕಾಗದದ ಮುಂದೆ ನನಗೆ ಧೈರ್ಯ ಜಾಸ್ತಿ.

ಮೊದಲು ಅಪ್ಪನ ಸುದ್ದಿ. ಹೋದ ವಾರ ಭದ್ರಾವತಿಗೆ, ಜನ್ನಾಪುರದ ನಮ್ಮ ಮನೆಗೆ ಹೋಗಿದ್ದೆ. ಕಾರ್ಖಾನೆಯ ಕಾಂಟ್ರ್ಯಾಕ್ಟ್ ಕೆಲಸ ಹೋದ ಮೇಲೆ ಹಿಡಿದ ರೈಸ್ ಮಿಲ್ಲಿನ ವಾಚ್‌ಮನ್ ಕೆಲಸ ಅಪ್ಪನಿಗೆ ಅಂತೂ ಒಗ್ಗಿದೆ. ಅಮ್ಮನ ಫೋಟೋಗೆ ಹೊಸ ಗಾಜು ಹಾಕಿಸಿದ್ದಾರೆ. ನೀನು ಗೌರ್ಮೆಂಟ್ ಕೆಲಸಕ್ಕೆ ಆಯ್ಕೆಯಾದ ಸುದ್ದಿಯನ್ನು ಟೀ ಅಂಗಡಿಯಿಂದ ಹಿಡಿದು ಕ್ಷೌರದ ಅಂಗಡಿಯವರೆಗೆ ಹೇಳಿ ಮುಗಿಸಿದ್ದಾರೆ. ನನ್ನನ್ನು ಕೂರಿಸಿಕೊಂಡು ಮತ್ತೆ ಹೇಳಿದರು: "ಡಿಸೆಂಬರ್ ಮೂವತ್ತೊಂದಕ್ಕೆ ನಮ್ ದಿವ್ಯನ ಬಾಂಡು ಮುಗೀತದೆ. ಮೂರು ವರ್ಷ ಅಲ್ಲೇ ಕೆಲ್ಸ ಮಾಡ್ತೀನಿ ಅಂತ ಬರ್ಕೊಟ್ಟಿದ್ದು, ಮಾಡಿ ಮುಗಿಸ್ತಾಳೆ. ಜನವರಿ ಎಂಟಕ್ಕೆ ಶಿವಮೊಗ್ಗದಲ್ಲಿ ಒರಿಜಿನಲ್ ಕಾಗದ ತೋರಿಸ್ತಾಳೆ. ಆಮೇಲೆ ಗೌರ್ಮೆಂಟ್ ಸ್ಟಾಫ್ ನರ್ಸು."

"ಗೊತ್ತಪ್ಪ, ನಂಗೇ ಹೇಳ್ತೀಯಲ್ಲ" ಎಂದೆ.

"ಗೊತ್ತಿದ್ರೆ ಇನ್ನೊಂದ್ಸಲ ಕೇಳು. ಕಿವಿ ಸವೀತದಾ?" ಎಂದರು.

ನನಗೂ ಅದನ್ನು ಕೇಳುವುದು ಇಷ್ಟವೇ. ಇನ್ನು ಐವತ್ತೆರಡು ದಿನ. ಸತ್ಯಭಾಮಾ ಮೇಡಂ ಬೀರುವಿನ ಬೀಗ ತೆಗೆದು, ಬಾಂಡಿಗೆ ಒತ್ತೆಯಿಟ್ಟುಕೊಂಡ ನಿನ್ನ ಮಾರ್ಕ್ಸ್ ಕಾರ್ಡುಗಳನ್ನೂ ನರ್ಸಿಂಗ್ ಡಿಪ್ಲೊಮಾವನ್ನೂ ಕೈಗಿಡುವ ದಿನ ನಾನೂ ದಾವಣಗೆರೆಗೆ ಬರುತ್ತೇನೆ. ನಿಮ್ಮ ನರ್ಸಿಂಗ್ ಹೋಮಿನ ಮೇಟ್ರನ್ ಹೇಗಿರುತ್ತಾರೆ ಎಂದು ಒಂದು ಸಲ ನೋಡಬೇಕು.

ಈಗ ನನ್ನ ಗೋಳು. ಬಿ.ಎ. ಮೊದಲ ಸೆಮಿಸ್ಟರ್‌ನಲ್ಲಿ ನಮಗೆ ಸಿನಿಮಾ ಚರಿತ್ರೆಯ ಪೇಪರ್ ಇದೆ. ರೇಣುಕಾಪ್ರಸಾದ್ ಸರ್ ಹಳೆಯ ಹಾಲಿವುಡ್ ನಟನಟಿಯರ ಹೆಸರುಗಳನ್ನು ಚೀಟಿಯಲ್ಲಿ ಬರೆದು, ತಮ್ಮ ಊಟದ ಡಬ್ಬಿಗೆ ಹಾಕಿ, ಒಬ್ಬೊಬ್ಬರಿಂದ ಎತ್ತಿಸಿದರು. ಬಂದ ಹೆಸರಿನ ಮೇಲೆ ಕನ್ನಡದಲ್ಲಿ ಇಪ್ಪತ್ತು ನಿಮಿಷ ಸೆಮಿನಾರ್ ಕೊಡಬೇಕು. ಉಳಿದವರಿಗೆಲ್ಲ ಫೋನಿನಲ್ಲಿ ಹುಡುಕಿದರೆ ಸಿಗುವ ಹೆಸರು ಬಂತು. ನನಗೆ ಬಂದವಳು ಕೊರಿನ್ ವೇಡ್. ನೆಟ್‌ನಲ್ಲಿ ಅವಳ ಬಗ್ಗೆ ಒಂದು ಪ್ಯಾರಾ ಇದೆ, ಅಷ್ಟೆ. ನನ್ನ ರೂಮ್‌ಮೇಟ್ ಅಕ್ಷರಾ, "ಮಾರಾಯ್ತಿ, ನಿನ್ನ ಹೀರೋಯಿನ್ ಸತ್ತಿರೋದು ಅವ್ಳಿಗಾದ್ರೂ ಗೊತ್ತಾ?" ಎಂದು ನಗುತ್ತಾಳೆ. ನನ್ನ ಮುಖ ನೋಡಿ ಸರ್ ಮನೆಯಿಂದ ರಟ್ಟು ಕಿತ್ತುಹೋದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದುಕೊಟ್ಟರು. "ನೀನು ಹಾಸ್ಟೆಲ್ ಹುಡ್ಗಿ, ಇಂಗ್ಲಿಷ್ ಬರುತ್ತೆ. ಇದ್ರಲ್ಲಿ ಅವಳ ಮೇಲೆ ನಲವತ್ತು ಪುಟ ಇದೆ, ಕನ್ನಡಕ್ಕೆ ತಾ" ಎಂದರು. ಇಂಗ್ಲಿಷ್ ಬರುತ್ತೆ ಎಂದು ಯಾರಾದರೂ ಹೇಳಿದರೆ ನಾನು ಇಲ್ಲ ಎನ್ನುವವಳಲ್ಲ. ಅದು ನಿನಗೆ ಗೊತ್ತು.

ಅವಳ ನಿಜವಾದ ಹೆಸರು ಹಿಲ್ಡಾ. ಊರು ಅಮೆರಿಕದ ಒಂದು ಉಕ್ಕಿನ ಊರು, ಅಪ್ಪ ಕುಲುಮೆಯ ಮುಂದೆ ದುಡಿಯುವವನು. ಓದುವಾಗ ನಮ್ಮ ನ್ಯೂ ಟೌನಿನ ಸಾಲುಮನೆಗಳೇ ಕಣ್ಣಿಗೆ ಬಂದವು. ಹದಿನೇಳಕ್ಕೆ ಸೋಪಿನ ಕಂಪನಿಯೊಂದರ ಸೌಂದರ್ಯ ಸ್ಪರ್ಧೆ ಗೆದ್ದು, 1934ರಲ್ಲಿ ಹಾಲಿವುಡ್‌ಗೆ ಹೋದಳು. ಆಗ ಸ್ಟುಡಿಯೋದವರು ನಟಿಯರಿಂದ ಏಳು ವರ್ಷದ ಕರಾರು ಬರೆಸಿಕೊಳ್ಳುತ್ತಿದ್ದರಂತೆ. ಅವಳ ಹೆಸರು ಬದಲಾಯಿಸಿದರು. ಕೆನ್ನೆ ಒಳಕ್ಕೆ ಹೋಗಲಿ ಎಂದು ಎರಡೂ ಕಡೆಯ ದವಡೆ ಹಲ್ಲು ಕೀಳಿಸಿದರು. ಹಣೆ ಅಗಲವಾಗಲಿ ಎಂದು ಮುಂದಲೆಯ ಕೂದಲನ್ನು ಬೇರುಸಮೇತ ತೆಗೆಸಿದರು. ಅಪ್ಪ ಡಾಕ್ಟರ್ ಎಂದು ಪತ್ರಿಕೆಗಳಲ್ಲಿ ಬರೆಸಿದರು. ಇಷ್ಟೆಲ್ಲ ಮಾಡಿ ಮೊದಲ ಎರಡು ವರ್ಷ ಅವಳ ಮುಖವನ್ನೇ ತೋರಿಸಲಿಲ್ಲ. ದೊಡ್ಡ ನಟಿಯರ ಕೈ ಚೆನ್ನಾಗಿಲ್ಲದಿದ್ದರೆ ಹತ್ತಿರದ ಶಾಟಿಗೆ ಇವಳ ಕೈ. ಕಾಗದ ಬಿಚ್ಚುವ ಕೈ, ಉಂಗುರ ಕಳಚುವ ಕೈ. "ಹಲ್ಲು ಕೀಳ್ಸಿ ಕೈ ತೋರ್ಸಿದ್ರಾ?" ಎಂದಳು ಅಕ್ಷರಾ. ಇಬ್ಬರೂ ನಕ್ಕೆವು.

ಮೂರನೇ ವರ್ಷ ಅವಳಿಗೆ ಒಂದು ಪಾತ್ರ ಸಿಕ್ಕಿತು. ಅದರ ನಾಲ್ಕು ನಿಮಿಷದ ತುಣುಕನ್ನು ಸರ್ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದರು. ಅಂಚೆಯವನು ತಂತಿ ಕೊಟ್ಟು ಹೋಗುತ್ತಾನೆ. ಅವಳು ಓದುತ್ತಾಳೆ, ಮಡಚುತ್ತಾಳೆ, ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆ ಇಳಿಸುತ್ತಾಳೆ. ಅಳುವುದಿಲ್ಲ, ಮಾತಿಲ್ಲ. ಅಕ್ಕ, ಆ ಮುಖ ನೋಡಿ ನನಗೆ ನೀನೇ ನೆನಪಾದೆ. ಅದಾದ ಮೇಲೆ ಅವಳು ಹೆಸರು ಮಾಡಿದಳು. ಆಮೇಲೆ ನಾಲ್ಕು ಸಲ ಸಸ್ಪೆಂಡ್ ಆದಳಂತೆ, ಇನ್ನೂ ಅಲ್ಲಿಯವರೆಗೆ ಓದಿಲ್ಲ. ಅಪ್ಪನ ಕಾಲದಲ್ಲಿ ಕಾರ್ಖಾನೆಯಲ್ಲಿ ಸಸ್ಪೆಂಡ್ ಆಗುತ್ತಿದ್ದವರು ಕುಡಿದು ಬಂದವರು, ಕಬ್ಬಿಣ ಕದ್ದವರು. ಇವಳೇನು ಕದ್ದಳೋ ನೋಡಬೇಕು.

ಊಟ ಬಿಡಬೇಡ. ಕಾಲಿನ ಊತಕ್ಕೆ ಬಿಸಿನೀರು ಹಾಕಿಕೋ. ಐವತ್ತೆರಡು ದಿನ ಬೇಗ ಬೇಗ ಹೋಗಲಿ ಎಂದು ಕೇಳಿಕೊಳ್ಳುವ,

ನಿನ್ನ ತಂಗಿ
ಅನುಷಾ


ಹೊಸಮನೆ, ಶಿವಮೊಗ್ಗ
ಭಾನುವಾರ, 7 ಡಿಸೆಂಬರ್ 2025

ಅಕ್ಕ,

ಈ ಸಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನೆ ಫೋನಿನಲ್ಲಿ ಹೇಳಲು ಹೊರಟು ಆಗಲಿಲ್ಲ. ನೀನು ಡಿಸೆಂಬರ್ ಮೂವತ್ತೊಂದಕ್ಕೆ ರೂಮ್ ಖಾಲಿ ಮಾಡಲು ಚೀಲ ಹೊಲಿಸಿಕೊಂಡಿದ್ದೇನೆ ಎಂದೆಯಲ್ಲ, ಅಲ್ಲಿಗೆ "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಟ್ಟೆ. ಆದ್ದರಿಂದ ಇದನ್ನು ನಾಳೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಎಲ್ಲಾದರೂ ಕೂತುಕೊಂಡು ಓದು.

ಹೋದ ವಾರ ಸೆಮಿನಾರಿನ ಕರಡು ತೋರಿಸಲು ಸರ್ ಹತ್ತಿರ ಹೋದೆ. "ಕೊರಿನ್ ವೇಡ್ ದುರ್ನಡತೆಗಾಗಿ ನಾಲ್ಕು ಬಾರಿ ಅಮಾನತುಗೊಂಡಳು" ಎಂದು ಬರೆದಿದ್ದೆ. ಸರ್ ಪೆನ್ನು ಕೆಳಗಿಟ್ಟರು.

"ಅವಳು ಕದ್ದಿಲ್ಲ ಕುಡಿದಿಲ್ಲ ಮಾರಾಯ್ತಿ. ಕೊಟ್ಟ ಪಾತ್ರ ಒಲ್ಲೆ ಅಂದ್ರೆ, ಕಾಯಿಲೆ ಬಿದ್ರೆ, ಕೇಳದೆ ಊರಿಗೆ ಹೋದ್ರೆ, ಸಂಬಳ ನಿಲ್ಸಿ ಕೂರ್ಸೋರು. ಆ ದಿನಗಳನ್ನ ಏಳು ವರ್ಷದ ಲೆಕ್ಕದಿಂದ ತೆಗೆದುಬಿಡೋರು."

"ತೆಗೆದ್ರೆ ಒಳ್ಳೇದಲ್ವಾ ಸರ್?"

"ಯಾರಿಗೆ ಒಳ್ಳೇದು? ಎಷ್ಟು ದಿನ ತೆಗೆದ್ರೋ ಅಷ್ಟು ದಿನ ಕೊನೇಲಿ ಮತ್ತೆ ದುಡೀಬೇಕು. ಅವಳಪ್ಪನಿಗೆ ಶ್ವಾಸಕೋಶ ಹೋಗಿತ್ತು. ನೋಡ್ಕೊಳ್ಳೋಕೆ ಹನ್ನೊಂದು ವಾರ ಊರಲ್ಲಿದ್ಲು. ಆ ಹನ್ನೊಂದು ವಾರ ಕರಾರಿನ ಬಾಲಕ್ಕೆ ಸೇರ್ತು. ಏಳು ವರ್ಷ ಒಂಬತ್ತೂ ಮುಕ್ಕಾಲು ಆಗಿದ್ದು ಹಾಗೆ. ಪುಸ್ತಕದಲ್ಲಿ ಕರಾರೇ ಅಚ್ಚಾಗಿದೆ, ಸರಿಯಾಗಿ ಓದು."

ಓದಿದೆ. ಗೈರುಹಾಜರಿಯ ಅವಧಿಯನ್ನು ಕರಾರಿನ ಅವಧಿಯಿಂದ ಎಕ್ಸ್‌ಕ್ಲೂಡ್ ಮಾಡತಕ್ಕದ್ದು ಎಂದಿತ್ತು. ಎಕ್ಸ್‌ಕ್ಲೂಡ್. ಆ ಪದವನ್ನು ನಾನು ಮೊದಲು ಓದಿದ್ದು ಎಲ್ಲಿ ಎಂದು ನನಗೆ ತಕ್ಷಣ ನೆನಪಾಯಿತು. ಮಧ್ಯಾಹ್ನದ ಕ್ಲಾಸ್ ಬಿಟ್ಟು ಭದ್ರಾವತಿ ಬಸ್ ಹತ್ತಿದೆ.

ಅಪ್ಪ ಮಿಲ್ಲಿನಲ್ಲಿದ್ದರು. ರೇಷನ್ ಕಾರ್ಡಿನ ಕವರಿನಲ್ಲಿ ನಿನ್ನ ಬಾಂಡಿನ ಜೆರಾಕ್ಸ್ ಇತ್ತು. ಏಳನೇ ಕಲಮು. ರಜೆ ಯಾವುದೇ ಕಾರಣಕ್ಕಿರಲಿ, ಆ ಅವಧಿಯನ್ನು ಮೂರು ವರ್ಷದ ಸೇವೆಯಿಂದ ಎಕ್ಸ್‌ಕ್ಲೂಡ್ ಮಾಡತಕ್ಕದ್ದು. ಅದೇ ಪದ.

ನಿನಗೆ ಆ ದಿನ ನೆನಪಿದೆಯೇ? 2022ರ ಡಿಸೆಂಬರ್ 27. ನಾನು ಹತ್ತನೇ ಕ್ಲಾಸು, ಕ್ರಿಸ್‌ಮಸ್ ರಜೆಗೆ ಬಂದಿದ್ದೆ. ಮಾತ್ರೆಗಳ ಹೆಸರು, ರೋಗಗಳ ಹೆಸರು ನಿನಗೆ ಇಂಗ್ಲಿಷಿನಲ್ಲಿ ಬಾಯಿಪಾಠವಿತ್ತು, ವಕೀಲರ ಇಂಗ್ಲಿಷ್ ಬರುತ್ತಿರಲಿಲ್ಲ. ಅಪ್ಪ, "ಷಡಕ್ಷರಪ್ಪ ವಕೀಲ್ರಿಗೆ ಒಂದ್ಸಲ ತೋರ್ಸಣ" ಎಂದರು. ನನಗೆ ಸಿಟ್ಟು ಬಂತು. "ಇಷ್ಟು ಇಂಗ್ಲಿಷ್ ಬರಲ್ವಾ ನಂಗೆ?" ಎಂದೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ, "ಓದ್ಲಿ ಬಿಡಿ, ಹಾಸ್ಟೆಲ್ಗೆ ಹಾಕಿದ್ಯಾಕೆ ಮತ್ತೆ" ಎಂದರು. ನಾನು ಗೋಡೆಗೊರಗಿ ನಿಂತು ಒಂದೊಂದೇ ಕಲಮು ಓದಿ ಕನ್ನಡದಲ್ಲಿ ಹೇಳಿದೆ. ಏಳನೆಯದಕ್ಕೆ ಬಂದಾಗ ಹೇಳಿದ್ದು: "ರಜೆ ಲೆಕ್ಕಕ್ಕಿಲ್ಲ."

"ಅಂದ್ರೆ ರಜೆ ಹಾಕಿದ್ರೆ ತಲೆಬಿಸಿ ಇಲ್ಲ" ಎಂದೆ ನೀನು.

"ಪುಣ್ಯಾತ್ಮರು" ಎಂದರು ಅಮ್ಮ.

ನೀನು ಸಹಿ ಹಾಕಿದೆ. ಹದಿನಾಲ್ಕು ತಿಂಗಳಾದ ಮೇಲೆ ಅಮ್ಮನ ಹೊಟ್ಟೆಯ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾದಾಗ ನೀನು ಒಂದು ಕ್ಷಣವೂ ಯೋಚಿಸದೆ ಬಂದು ಕೂತೆ. ಅಪ್ಪ ಹಿಂಜರಿದಾಗ, "ರಜೆ ಲೆಕ್ಕಕ್ಕಿಲ್ಲ ಅಂತ ಅನು ಓದಿದಾಳಲ್ಲಪ್ಪ" ಎಂದವಳು ನೀನೇ. ಫೆಬ್ರವರಿ 12ರಿಂದ ಜೂನ್ 26ರವರೆಗೆ ನೂರ ಮೂವತ್ತಾರು ದಿನ, ಅದಕ್ಕೆ ಮೊದಲು ನಿನಗೆ ಡೆಂಗಿ ಬಂದಾಗಿನ ಹತ್ತೊಂಬತ್ತು.

ಕಾಗದ ಹಿಡಿದುಕೊಂಡು ಷಡಕ್ಷರಪ್ಪ ವಕೀಲರ ಆಫೀಸಿಗೆ ಹೋದೆ. ಮೂರು ವರ್ಷದ ಹಿಂದೆ ಹೋಗಬೇಕಿದ್ದ ಜಾಗ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು, ನಿನ್ನ ರಜೆಯ ದಿನಗಳನ್ನು ಕೇಳಿ ಲೆಕ್ಕ ಹಾಕಿದರು.

"ಜೂನ್ ನಾಲ್ಕಕ್ಕೆ ಬಿಡುಗಡೆ ಕಣಮ್ಮ, ಡಿಸೆಂಬರ್ ಮೂವತ್ತೊಂದಕ್ಕಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡು ಇಟ್ಕೊಂಡಿರೋದೇ ತಪ್ಪು, ಅದಕ್ಕೆ ನೋಟಿಸ್ ಕೊಡಬಹುದು. ಆದ್ರೆ ಜನವರಿ ಎಂಟಕ್ಕೆ ಕೈಗೆ ಸಿಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಒಂದು ವರ್ಷ ಮುಂಚೆ ಬಂದಿದ್ರೆ ಜಗ್ಗಿ ತೆಗಿಸ್ತಿದ್ದೆ."

"ಸರ್, ಬೇರೆ ದಾರಿ..."

"ಯಾರು ಇದನ್ನ ಓದಿ ಹೇಳಿದ್ದು ನಿಮ್ಮಕ್ಕಂಗೆ?"

"ನಾನೇ. ರಜೆ ಲೆಕ್ಕಕ್ಕಿಲ್ಲ ಅಂದೆ."

ಅವರು ಕಾಗದ ಮಡಚಿ ನನ್ನ ಕಡೆ ಸರಿಸಿದರು. "ಒಂದು ಪದಾನೂ ತಪ್ಪು ಹೇಳಿಲ್ಲ ನೋಡು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನೋಟಿಸ್ ಬರೆಸಿ ಕಳಿಸಿದ್ದೇನೆ. ನೀನು ಕಾಯಬೇಡ, ಸತ್ಯಭಾಮಾ ಮೇಡಂ ಹತ್ತಿರ ಹೋಗು. ಕಾಗದಗಳನ್ನು ಪೂರ್ತಿ ಕೊಡುವುದು ಬೇಡ, ಜನವರಿ 8ಕ್ಕೆ ಒಂದೇ ಒಂದು ದಿನಕ್ಕೆ ಕೊಡಿ ಎಂದು ಕೇಳು. ಬೇಕಾದರೆ ಅವರ ಕಡೆಯವರೊಬ್ಬರು ಹಿಡಿದುಕೊಂಡು ಜೊತೆಗೆ ಬರಲಿ. ಅಪ್ಪನಿಗೆ ನಾನು ಇನ್ನೂ ಹೇಳಿಲ್ಲ. ಟೀ ಅಂಗಡಿಯ ದೇವರಾಜ್ ನನ್ನನ್ನು ನೋಡಿ, "ಏನಮ್ಮ, ಅಕ್ಕ ಗೌರ್ಮೆಂಟ್ ಆದ್ಲಂತೆ, ಇನ್ನು ನಮ್ಗೆಲ್ಲ ಫ್ರೀ ಇಂಜೆಕ್ಷನ್ನಾ?" ಎಂದ. ಹೂಂ ಎಂದು ಬಂದೆ.

ಅಕ್ಕ, ನೀನು ಬೈದು ಬರೆ. ಬೈಯದೆ ಮಾತ್ರ ಇರಬೇಡ.

ಅನು


ಹೊಸಮನೆ, ಶಿವಮೊಗ್ಗ
ಭಾನುವಾರ, 11 ಜನವರಿ 2026

ಪ್ರೀತಿಯ ಅಕ್ಕನಿಗೆ,

ನೀನು ಗುರುವಾರ ರಾತ್ರಿ ದಾವಣಗೆರೆ ಮುಟ್ಟಿದೆ ಎಂದು ಮೆಸೇಜ್ ಮಾಡಿದ್ದೆ. ಉತ್ತರ ಬರೆಯಲು ಮೂರು ದಿನ ತೆಗೆದುಕೊಂಡೆ, ಮನ್ನಿಸು. ನೀನು ಮರುದಿನವೇ ಡ್ಯೂಟಿಗೆ ಹೋಗಿದ್ದೀಯ. ನಾನು ಮೂರು ದಿನ ಕಾಲೇಜಿಗೆ ಹೋಗಿಲ್ಲ.

ಗುರುವಾರ ನಡೆದದ್ದೆಲ್ಲ ನಿನಗೆ ಗೊತ್ತು, ನೀನೇ ಅಲ್ಲಿದ್ದೆ. ಆದರೂ ನಾನು ಕಂಡ ಹಾಗೆ ಬರೆಯುತ್ತೇನೆ. ಬರೆಯದಿದ್ದರೆ ನನ್ನೊಳಗೆ ಅದು ದಿನಕ್ಕೊಂದು ರೀತಿ ಬದಲಾಗುತ್ತಿದೆ.

ನೀನು ವಾರದ ಆಫ್ ಅನ್ನು ಗುರುವಾರಕ್ಕೆ ಬದಲಾಯಿಸಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದೆ, ನೀಲಿ ಸೀರೆ, ಕೈಯಲ್ಲಿ ಜೆರಾಕ್ಸ್ ಪ್ರತಿಗಳ ಫೈಲು. ನೋಟಿಸಿಗೆ ಉತ್ತರ ಬಂದಿರಲಿಲ್ಲ. ಸತ್ಯಭಾಮಾ ಮೇಡಂ ಏನೆಂದರು ಎಂದು ಕೇಳಿದೆ. "ಒಂದು ದಿನಕ್ಕೆ ಅಂತ ತಗೊಂಡು ಹೋದೋರು ಇಬ್ರು ವಾಪಸ್ ಬರ್ಲಿಲ್ಲ ದಿವ್ಯ, ನಂಗೂ ಮೇಲಿನೋರು ಇದಾರೆ ಅಂದ್ರು" ಎಂದು ನೀನು ಅವರ ದನಿಯಲ್ಲೇ ಹೇಳಿದೆ. ಅವರ ಮೇಲೂ ನಿನಗೆ ಸಿಟ್ಟಿರಲಿಲ್ಲ. ದಾಖಲೆ ಪರಿಶೀಲನೆಯ ಕ್ಯೂನಲ್ಲಿ ನಮ್ಮ ಮುಂದಿದ್ದ ಹುಡುಗಿ ತನ್ನ ಒರಿಜಿನಲ್‌ಗಳನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳಿಗೆ ಸ್ಟೇಪ್ಲರ್ ಪಿನ್ ಚುಚ್ಚಿ ಬೆರಳಿಂದ ರಕ್ತ ಬಂದಾಗ ನೀನು ಬ್ಯಾಗಿನಿಂದ ಹತ್ತಿ ತೆಗೆದು ಒತ್ತಿ ಹಿಡಿದೆ. "ನೀವು ನರ್ಸಾ?" ಎಂದು ಕೇಳಿದಳು. ಇಡೀ ಕ್ಯೂ ನರ್ಸ್‌ಗಳದ್ದೇ ಎಂದು ಅವಳಿಗೆ ಆಮೇಲೆ ಹೊಳೆದು ನಕ್ಕಳು, ನೀನೂ ನಕ್ಕೆ.

ಟೇಬಲ್ಲಿನ ಹಿಂದೆ ಕೂತಿದ್ದವರು ಕೆಟ್ಟವರಾಗಿರಲಿಲ್ಲ. ಫೈಲು ತಿರುವಿ, "ಜೆರಾಕ್ಸ್ ಇಟ್ಕೊಂಡು ನಾನೇನು ಮಾಡ್ಲಿ ಸಿಸ್ಟರ್?" ಎಂದರು.

"ಜೂನ್‌ಗೆ ಸಿಗುತ್ತೆ ಸರ್. ಟೈಮ್ ಕೊಡಕ್ಕಾಗುತ್ತಾ?"

"ವಾರ ಆಗಿದ್ರೆ ಮೇಲಿನೋರನ್ನ ಕೇಳ್ತಿದ್ದೆ. ಐದು ತಿಂಗ್ಳು ಯಾರು ಕೊಡ್ತಾರೆ? ನಿಮ್ಮ ಹಿಂದೆ ವೇಟಿಂಗ್ ಲಿಸ್ಟಲ್ಲಿರೋರೂ ಮನುಷ್ಯರೇ ಅಲ್ವಾ."

ನಾನು ಮಧ್ಯೆ ಬಾಯಿ ಹಾಕಿ ಬಾಂಡು, ವಕೀಲರು, ನೋಟಿಸು ಎಂದೆಲ್ಲ ಅರ್ಧ ಇಂಗ್ಲಿಷಿನಲ್ಲಿ ಶುರುಮಾಡಿದೆ. ನೀನು ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ಸರಿಸಿದೆ. ನಿನ್ನ ಹೆಸರಿನ ಮುಂದೆ ಅವರು "ಮೂಲ ದಾಖಲೆ ಹಾಜರುಪಡಿಸಿಲ್ಲ" ಎಂದು ಬರೆದು ಪುಸ್ತಕ ತಿರುಗಿಸಿದರು. ಅದರ ಕೆಳಗೂ ನಿನ್ನ ಸಹಿ ಬೇಕಿತ್ತು. ಹಾಕಿದೆ.

ಬಸ್ ಸ್ಟ್ಯಾಂಡಿನಲ್ಲಿ ನೀನು ನನಗೆ ಇಡ್ಲಿ ತಿನ್ನಿಸಿದೆ, ನೀನು ಬರೀ ಟೀ ಕುಡಿದೆ. ನಾನು ಅಳುತ್ತಿದ್ದೆ. ಪಕ್ಕದ ಟೇಬಲ್ಲಿನವರು ನೋಡುತ್ತಿದ್ದರು. ಆಗ ನೀನು ಹೇಳಿದ್ದನ್ನು ನಾನು ಮೂರು ದಿನದಿಂದ ಹಗಲೆಲ್ಲ ಕೇಳಿಸಿಕೊಳ್ಳುತ್ತಿದ್ದೇನೆ: "ಸಾಕು ಸುಮ್ನಿರು ಅನು. ಹದಿನೈದು ವರ್ಷದ ಹುಡ್ಗಿ ಕೈಗೆ ಅಂಥ ಕಾಗದ ಕೊಟ್ಟಿದ್ದು ನಮ್ ತಪ್ಪು. ನೀನು ಬೇಕು ಅಂತ ಮಾಡಿದ್ದಾ? ಅಮ್ಮನ ಹತ್ರ ಕೊನೇವರೆಗೂ ಇದ್ದೆ, ಆ ದಿನಗಳು ಯಾರ ಲೆಕ್ಕಕ್ಕೆ ಸೇರದಿದ್ರೆ ನಂಗೇನು." ಬಸ್ ಬಂತು. ಕಿಟಕಿಯಿಂದ ಕೈ ಚಾಚಿ ನನ್ನ ತಲೆ ಸವರಿದೆ.

ಅಪ್ಪನಿಗೆ ಮೊನ್ನೆ ಜನ್ನಾಪುರಕ್ಕೆ ಹೋಗಿ ನಾನೇ ಹೇಳಿದೆ. ನಿಂತಲ್ಲೇ ಕೇಳಿಸಿಕೊಂಡರು. "ಯಾರು ಓದಿದ್ದು ಅಂತ ಹೊರಗೆ ಹೇಳ್ಬೇಡ" ಎಂದರು. ಅಷ್ಟೇ ಹೇಳಿದ್ದು. ಈಗ ಟೀ ಅಂಗಡಿ ತಪ್ಪಿಸಲು ಹಿಂದಿನ ಬೀದಿಯಿಂದ ಮಿಲ್ಲಿಗೆ ಹೋಗುತ್ತಾರಂತೆ.

ಸೆಮಿನಾರ್ ಹೇಗಾಯಿತು ಎಂದು ಗುರುವಾರ ನೀನು ಕೇಳಿದೆ, ಅಂಥ ದಿನದಲ್ಲೂ. ಡಿಸೆಂಬರ್ 19ಕ್ಕೆ ಆಯಿತು. ಕೊರಿನ್ ವೇಡ್‌ಳ ಉಳಿದ ಕಥೆ ಇಷ್ಟು. ಕರಾರು ಮುಗಿಯುವ ಹೊತ್ತಿಗೆ ಅವಳಿಗೆ ಇಪ್ಪತ್ತೇಳು ಆಗಿತ್ತು. ನಮಗೆ ಅದು ವಯಸ್ಸೇ ಅಲ್ಲ, ಅಲ್ಲಿ ಆಗ ಅದು ಮುಪ್ಪು. ಸ್ಟುಡಿಯೋದವರು ಅಷ್ಟರಲ್ಲಿ ಇನ್ನೊಬ್ಬ ಹತ್ತೊಂಬತ್ತರ ಹುಡುಗಿಗೆ ಅದೇ ತರಹ ಹಣೆ ಅಗಲ ಮಾಡಿಸಿ ತಯಾರು ಮಾಡಿದ್ದರು. ಇವಳಿಗೆ ಅಕ್ಕನ ಪಾತ್ರ, ದಾದಿಯ ಪಾತ್ರ, ಕೋರ್ಟಿನಲ್ಲಿ ಹಿಂದೆ ಕೂರುವ ಪಾತ್ರ. ಮೂವತ್ತೈದಕ್ಕೆ ಅದೂ ನಿಂತು, ದೊಡ್ಡ ಅಂಗಡಿಯೊಂದರಲ್ಲಿ ಕೈಗವಸು ಮಾರಲು ನಿಂತಳು. ಎಂಬತ್ತರ ದಶಕದಲ್ಲಿ ಒಬ್ಬ ಪತ್ರಕರ್ತ ಹುಡುಕಿಕೊಂಡು ಹೋಗಿ, ಕರಾರು ಮುಗಿದ ದಿನ ಏನು ಮಾಡಿದಿರಿ ಎಂದು ಕೇಳಿದನಂತೆ. "ಮಲಗಿದೆ" ಎಂದಳಂತೆ.

ಇಲ್ಲಿಯವರೆಗೆ ತಡವರಿಸದೆ ಹೇಳಿದೆ. ಕೊನೆಯಲ್ಲಿ ಪ್ರಶ್ನೆ ಕೇಳುವ ಹೊತ್ತಿಗೆ ಅಕ್ಷರಾ, ನನಗೆ ಸಹಾಯ ಮಾಡುತ್ತೇನೆಂದುಕೊಂಡು, "ಹದಿನೇಳು ವರ್ಷ ಅಂದ್ರೆ ಮೈನರ್ ಅಲ್ವಾ, ಕರಾರಿಗೆ ಯಾರು ಸಹಿ ಹಾಕಿದ್ರು?" ಎಂದಳು. ಅವಳ ತಾಯಿ ಎಂದೆ. ತಾಯಿ ಪೋಲೆಂಡಿನಿಂದ ಬಂದವಳು, ಇಂಗ್ಲಿಷ್ ಬರುತ್ತಿರಲಿಲ್ಲ ಎಂದೆ. "ಮತ್ತೆ ಅವಳಿಗೆ ಓದಿ ಹೇಳಿದ್ದು ಯಾರು?" ಎಂದಳು. ನಾನು ಪುಸ್ತಕದ ಪುಟ ತಿರುವುತ್ತಲೇ ನಿಂತೆ. ಸರ್, "ಅದು ಅದ್ರಲ್ಲಿಲ್ಲಮ್ಮ, ಕೂತ್ಕೋ" ಎಂದರು. ಇಪ್ಪತ್ತಕ್ಕೆ ಹತ್ತೊಂಬತ್ತು ಕೊಟ್ಟಿದ್ದಾರೆ.

ಜೂನ್ ನಾಲ್ಕರವರೆಗೆ ಇನ್ನು ಒಂದು ದಿನವೂ ರಜೆ ಹಾಕಬೇಡ. ಜ್ವರ ಬಂದರೂ ಮಾತ್ರೆ ನುಂಗಿ ಹೋಗು ಎಂದು ಹೇಳುವ ಸ್ಥಿತಿಗೆ ನಿನ್ನನ್ನು ತಂದಿಟ್ಟಿದ್ದೇನೆ. ಮುಂದಿನ ನೇಮಕಾತಿ ಕರೆದಾಗ ಅರ್ಜಿ ನಾನು ತುಂಬುವುದಿಲ್ಲ, ಷಡಕ್ಷರಪ್ಪ ವಕೀಲರ ಹತ್ತಿರವೇ ಹೋಗೋಣ. ನಿನ್ನ ಕೈಕಾಲು ಗಟ್ಟಿಯಾಗಿರಲಿ. ಅಮ್ಮ ಎಲ್ಲಿದ್ದರೂ ನಿನ್ನ ಕಡೆಗೇ ಇರಲಿ.

ನಿನ್ನ
ಅನುಷಾ

ಸಹಿ ಹಾಕಿದ ಮೇಲೆ ಬರೆದದ್ದು:

ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ಅಮ್ಮನಿಗಾಗಿ ನೀನು ಮೊದಲು ಹಾಕಿದ್ದು ಎರಡು ತಿಂಗಳ ರಜೆ. ಅದನ್ನು ಬಿಳಿ ಹಾಳೆಯಲ್ಲಿ ಬರೆದುಕೊಟ್ಟು ಬಂದಿದ್ದೆ. ಏಪ್ರಿಲ್ 12ಕ್ಕೆ ಅದು ಮುಗಿಯುವುದಿತ್ತು. ನಾನು ಮೊದಲ ಪಿ.ಯು.ಸಿ. ಪರೀಕ್ಷೆ ಮುಗಿಸಿ ಮನೆಗೆ ಬಂದಿದ್ದೆ. "ದಿವ್ಯ ಡ್ಯೂಟಿಗೆ ಹೋಗ್ಲಿ, ಅನುಗೆ ರಜೆ ಇದೆಯಲ್ಲ, ಅವ್ಳು ನೋಡ್ಕೋತಾಳೆ" ಎಂದು ಅಪ್ಪ ಹೇಳುತ್ತಿದ್ದರು. ಅಮ್ಮನ ಹೊಟ್ಟೆಗೆ ಹಾಕಿದ್ದ ಮಲದ ಚೀಲವನ್ನು ನೀನು ದಿನಕ್ಕೆ ಮೂರು ಸಲ ಬದಲಾಯಿಸುತ್ತಿದ್ದೆ. ಒಂದು ಸಲ ನನ್ನ ಕೈಗೆ ಕೊಟ್ಟಾಗ ನಾನು ಹಿತ್ತಿಲಿಗೆ ಓಡಿ ವಾಂತಿ ಮಾಡಿದ್ದೆ. ಅಮ್ಮ ಅದನ್ನು ಕೇಳಿಸಿಕೊಂಡಿದ್ದರು.

ರಜೆ ಮುಂದುವರಿಸಲು ನಿಮ್ಮವರು ಅವರದೇ ಅಚ್ಚಿನ ಫಾರ್ಮ್ ಕಳಿಸಿದ್ದರು. ತುಂಬಲು ನನಗೆ ಕೊಟ್ಟೆ. ಕೊನೆಯ ಸಾಲು ಇದು: ಈ ರಜೆಯ ಅವಧಿ ನನ್ನ ಬಾಂಡಿನ ಅವಧಿಗೆ ಹೆಚ್ಚುವರಿಯಾಗಿ ಸೇರುತ್ತದೆ ಎಂದು ನನಗೆ ತಿಳಿದಿದೆ. ಅದರಲ್ಲಿ ಕಷ್ಟದ ಪದ ಒಂದೂ ಇರಲಿಲ್ಲ. ನಾನು ಎರಡು ಸಲ ಓದಿದೆ. ಆ ಕ್ಷಣದಲ್ಲೇ ಹಳೆಯ ಏಳನೇ ಕಲಮಿನ ಅರ್ಥವೂ ನನಗೆ ಆಯಿತು. ನವೆಂಬರಿನಲ್ಲಿ ಐವತ್ತೆರಡು ದಿನ ಎಂದು ಎಣಿಸಿದ್ದೂ, ಸರ್ ಹೇಳಿದ ಮೇಲೆ ಹೊಳೆಯಿತು ಎಂದು ಡಿಸೆಂಬರಿನಲ್ಲಿ ಬರೆದದ್ದೂ ಸುಳ್ಳು. ಹೇಳಿದ್ದರೆ ನೀನು 13ಕ್ಕೆ ಡ್ಯೂಟಿಗೆ ಹೋಗುತ್ತಿದ್ದೆ, ಅಮ್ಮನ ಹತ್ತಿರ ನಾನು ಉಳಿಯಬೇಕಿತ್ತು. ಹೇಳಿದ್ದರೆ ವಕೀಲರ ಹತ್ತಿರ ಹೋಗಲು ನಮಗೆ ಇಪ್ಪತ್ತು ತಿಂಗಳು ಇರುತ್ತಿತ್ತು. ನೀನು ಒಂದು ಕೈಯಲ್ಲಿ ಅಮ್ಮನ ತಲೆ ಎತ್ತಿ ಹಿಡಿದು ಗಂಜಿ ಕುಡಿಸುತ್ತಿದ್ದೆ. "ಸಹಿ ಎಲ್ಲಿ ಹಾಕ್ಲಿ?" ಎಂದೆ ನೀನು. ನಾನು ಜಾಗ ತೋರಿಸಿದೆ.

ಮೂರು ದಿನದ ಮೇಲೆ ಹಾಸ್ಟೆಲಿಗೆ ಹೊರಟೆ. ಸ್ಪೆಷಲ್ ಕ್ಲಾಸ್ ಕಡ್ಡಾಯ ಎಂದಿದ್ದೆ. ಅದು ಇಷ್ಟವಿದ್ದವರಿಗೆ ಮಾತ್ರ ಇತ್ತು, ಹೋದವರು ಆರು ಜನ. ಜೂನ್ 13ಕ್ಕೆ ನಾನು ಬರುವಷ್ಟರಲ್ಲಿ ಅಮ್ಮನನ್ನು ಹೊರಗೆ ಮಲಗಿಸಿದ್ದಿರಿ.

ಬಸ್ ಸ್ಟ್ಯಾಂಡಿನಲ್ಲಿ ನೀನು ಬೇಕು ಅಂತ ಮಾಡಿದ್ದಾ ಎಂದು ಕೇಳಿದೆ. ಹೂಂ ಅಕ್ಕ, ಎರಡನೇ ಸಲ ಬೇಕು ಅಂತಲೇ ಮಾಡಿದೆ.